ಗಾವ್ರಾನ ಗುಂಡಿ ತೋಡುವವರು

ಎರಡು ಸಲ ಕೈಯಲ್ಲಿ ತಟ್ಟಿ ಆಗಿತ್ತು. ಮೂರನೆಯ ಸಲ ಸ್ಮಿಲ್ಯಾ ಗೇಟಿಗೆ ಒದ್ದಳು.

ಒಳಗೆ ನಾಯಿ ಬೊಗಳಿತು. ಅಡುಗೆಮನೆಯ ಪರದೆ ಅಲ್ಲಾಡಿತು. ಬಾಗಿಲು ಮಾತ್ರ ತೆರೆಯಲಿಲ್ಲ.

"ಮಾರ್ಗಾ ಚಿಕ್ಕಮ್ಮ! ಒಳಗಿದೀರ ಅಂತ ಗೊತ್ತು ನಂಗೆ. ಚಿಮಣೀಲಿ ಹೊಗೆ ಬರ್ತಿದೆ. ತೆಗೀರಿ!"

ಬಾಗಿಲಿನ ಬದಲು ಕಿಟಕಿ ತೆರೆಯಿತು. ಮಾರ್ಗಾಳ ತಲೆಗೆ ಕಪ್ಪು ವಸ್ತ್ರ ಬಿಗಿದಿತ್ತು. ಅದು ಇವತ್ತಿನ ಸಾವಿಗಾಗಿ ಕಟ್ಟಿದ್ದಲ್ಲ, ಹನ್ನೆರಡು ವರ್ಷದಿಂದ ಅಲ್ಲೇ ಇತ್ತು.

"ಗೇಟು ಮುರೀಬೇಡ್ವೇ. ಅದನ್ನ ಹಾಕ್ಸಿ ಇನ್ನೂ ಸರಿಯಾಗಿ ಬಣ್ಣ ಒಣಗಿಲ್ಲ. ಹಳೇದನ್ನ ನಿಮ್ಮೋರೇ ಕಿತ್ಕೊಂಡು ಹೋಗಿದ್ರಲ್ಲ."

"ಅಪ್ಪ ಹೋಗ್ಬಿಟ್ರು."

"ಗೊತ್ತು. ನಿನ್ನೆ ಚರ್ಚಿನ ಗಂಟೆ ಕೇಳಿಸ್ತು. ನಮ್ಮ ಗಂಟೆ ಅಲ್ಲ, ನಿಮ್ದು. ಶಬ್ದದಲ್ಲೇ ಗೊತ್ತಾಗುತ್ತೆ."

"ಎರಡು ಗಂಟೆಗೆ ಪಾದ್ರಿ ಬರ್ತಾರೆ. ಬಲಗಡೆ ಮನೆ ನಿಮ್ದು. ಬ್ಲಾಜ್‌ನ ಕಳ್ಸಿ."

ಡ್ಯಾನ್ಯೂಬ್ ದಂಡೆಯ ಆ ಊರಿನಲ್ಲಿ ಸತ್ತವನ ಗುಂಡಿಯನ್ನು ಸತ್ತವನ ರಕ್ತಸಂಬಂಧಿಗಳು ತೋಡುವುದಿಲ್ಲ. ಎಡಮನೆ, ಬಲಮನೆ, ಎದುರುಮನೆ, ಮೂರೂ ಕಡೆಯಿಂದ ಒಬ್ಬೊಬ್ಬ ಗಂಡಸು ಸಲಿಕೆ ಹಿಡಿದು ಬರಬೇಕು. ಅದೂ ಮಣ್ಣು ಮಾಡುವ ದಿನದ ಬೆಳಿಗ್ಗೆಯೇ, ಯಾಕೆಂದರೆ ತೋಡಿದ ಗುಂಡಿ ಒಂದು ರಾತ್ರಿಯೂ ಬಾಯಿ ತೆರೆದುಕೊಂಡು ಇರಬಾರದು. ಸ್ಮಿಲ್ಯಾಳಂಥ ಸರ್ಬರ ಮನೆಯ ಹೆಣಕ್ಕೆ ಮಾರ್ಗಾಳಂಥ ಕ್ರೊಯೇಟರು, ಕ್ರೊಯೇಟರ ಮನೆಯ ಹೆಣಕ್ಕೆ ಸರ್ಬರು ತೋಡಿಕೊಂಡು ಬಂದ ಊರು ಅದು. ಯುದ್ಧ ಊರಿನ ಶಾಲೆ, ಸೇತುವೆ ಎಲ್ಲವನ್ನೂ ಕೆಡವಿತು, ಈ ಪದ್ಧತಿಯೊಂದನ್ನು ಬಿಟ್ಟು.

ಮಾರ್ಗಾ ನಕ್ಕಳು. ಕೇಳಿದವರ ಮೈ ಉರಿಯುವಂಥ ನಗು.

"ನಿಮ್ಮಪ್ಪನ ಗುಂಡೀನ ನನ್ನ ಮಗ ತೋಡ್ಬೇಕಾ? ಭೇಷ್! ಅವನ ಅಪ್ಪನ ಗುಂಡಿ ಯಾರು ತೋಡಿದ್ರೇ? ಎಲ್ಲಿ ತೋಡಿದ್ರು? ಅದೊಂದು ಹೇಳು. ಬ್ಲಾಜ್ ಯಾಕೆ, ನಾನೇ ಸಲಿಕೆ ತಗೊಂಡು ಬರ್ತೀನಿ."

"ನಂಗೇನ್ ಗೊತ್ತು ಚಿಕ್ಕಮ್ಮ?"

"ಕೊನೇಗೂ ಬಾಯಿ ಬಿಡ್ಲಿಲ್ವಾ ಅವನು? ಸಾಯೋ ಹೊತ್ತಲ್ಲೂ?"

"ಇಲ್ಲ."

"ಹಾಗಾದ್ರೆ ಹೋಗು. ನಿಮ್ಮಪ್ಪ ತಾನು ಓಡಿಸ್ತಿದ್ದ ಬಸ್ಸಲ್ಲೇ ಮಲಗ್ಲಿ."

ಕಿಟಕಿ ದಡಾರನೆ ಮುಚ್ಚಿತು. ಸ್ಮಿಲ್ಯಾ ಬೀದಿಯ ಮಧ್ಯೆ ನಿಂತಳು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಆ ಸಿಟ್ಟನ್ನು ಮಾರ್ಗಾಳ ಮೇಲೆ ಹಾಕಲು ಮನಸ್ಸು ಒಪ್ಪಲಿಲ್ಲ. ಯಾಕೆಂದರೆ ತಾನು ಈಗಷ್ಟೇ ಹೇಳಿದ್ದು ಹಸಿ ಸುಳ್ಳು. ಹನ್ನೊಂದು ದಿನದ ಹಿಂದೆ, ಮಧ್ಯಾಹ್ನ, ಸಾರು ಕುಡಿಸುತ್ತಿದ್ದಾಗ ಅಪ್ಪ ಗಾವ್ರಾ ಚಮಚವನ್ನು ಪಕ್ಕಕ್ಕೆ ಸರಿಸಿ ಎಲ್ಲವನ್ನೂ ಹೇಳಿದ್ದ. ಹೇಳಿ ಮುಗಿಸಿ, ಏನೋ ದೊಡ್ಡ ಭಾರ ಇಳಿಸಿದವನ ಹಾಗೆ ಹಾಯಾಗಿ ನಿದ್ದೆ ಹೋಗಿದ್ದ. ಆ ಭಾರ ಈಗ ಮಗಳ ಹೆಗಲ ಮೇಲಿತ್ತು.

*

ತೊಂಬತ್ತೊಂದರ ನವೆಂಬರ್. ಊರು ಸರ್ಬ್ ಸೈನ್ಯದ ಕೈಗೆ ಬಿದ್ದ ಮೂರನೆಯ ದಿನ. ಕ್ರೊಯೇಟರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕೆಂದು ಆಜ್ಞೆಯಾಯಿತು. ಊರಿನ ಬಸ್ಸು ಓಡಿಸುತ್ತಿದ್ದವನು ಗಾವ್ರಾ. ಇಪ್ಪತ್ತು ವರ್ಷ ಅದೇ ಬಸ್ಸಿನಲ್ಲಿ ಅದೇ ಜನರನ್ನು ಬೂಟಿನ ಕಾರ್ಖಾನೆಗೆ ಕರೆದುಕೊಂಡು ಹೋಗಿ ವಾಪಸು ತಂದವನು. ಬಂದೂಕಿನ ಮೂತಿ ತೋರಿಸಿ, ಬಸ್ಸು ತೆಗೆ ಅಂದರು. ತೆಗೆದ.

ನಲವತ್ತಮೂರು ಜನ ಹತ್ತಿದರು. ತಲೆಯನ್ನು ಮೊಣಕಾಲುಗಳ ಮಧ್ಯೆ ಇಟ್ಟು ಕೂತಿರಬೇಕು, ಯಾರೂ ಎತ್ತಬಾರದು ಎಂದಿತ್ತು. ಬಸ್ಸಿನಲ್ಲಿ ತಲೆ ಎತ್ತಿದ್ದವನು ಒಬ್ಬನೇ, ಡ್ರೈವರ್.

ಹಳೆಯ ಇಟ್ಟಿಗೆ ಗೂಡಿನ ಹತ್ತಿರ ಕೈ ಅಡ್ಡ ಹಾಕಿ ನಿಲ್ಲಿಸಿದರು. ಗಾವ್ರಾ ಹಿಡಿಕೆ ಎಳೆದು ಬಾಗಿಲು ತೆರೆದ. ಮುಖಕ್ಕೆ ಉಣ್ಣೆಯ ಟೋಪಿ ಎಳೆದುಕೊಂಡಿದ್ದ ಒಬ್ಬ ಹತ್ತಿದ. ಬಾಯಿ ಬಿಡಲಿಲ್ಲ. ಬಂದೂಕಿನಿಂದ ಮೂವರ ಬೆನ್ನು ತಟ್ಟಿದ, ಅಷ್ಟೇ. ಮೂವರೂ ಎದ್ದರು. ಅವರಲ್ಲೊಬ್ಬ ಮಾರ್ಗಾಳ ಗಂಡ ಇಮ್ರೊ. ತಲೆ ಬಗ್ಗಿಸಿದ್ದ ಮಾರ್ಗಾಳಿಗೆ ಕಂಡದ್ದು ಪಕ್ಕದ ಸೀಟಿನ ಕೆಳಗಿದ್ದ ಎರಡು ಬೂಟುಗಳು ಎದ್ದು ಹೋದದ್ದು ಮಾತ್ರ.

ಟೋಪಿಯವನ ಭುಜ ಗಾವ್ರಾನಿಗೆ ಕನ್ನಡಿಯಲ್ಲಿ ಕಂಡಿತು. ಎಡಭುಜ ಒಂದಿಷ್ಟು ಕೆಳಗೆ, ಬಲಭುಜ ಮೇಲೆ. ಇಪ್ಪತ್ತು ವರ್ಷ ಪ್ರತಿದಿನ ಬೆಳಿಗ್ಗೆ ಅದೇ ಕನ್ನಡಿಯಲ್ಲಿ, ತನ್ನ ಹಿಂದಿನ ಸೀಟಿನಲ್ಲಿ ಅವನು ನೋಡಿದ್ದ ಭುಜ. ಎಡಮನೆಯ ನೆದೆಲ್ಕೊ.

ಎಂಜಿನ್ ಓಡುತ್ತಲೇ ಇತ್ತು, ಆದರೂ ಗುಂಡಿನ ಸದ್ದು ಕೇಳಿಸಿತು. ಬಾಗಿಲು ಹಾಕು, ಹೋಗು ಅಂದರು. ಹಾಕಿದ. ಹೋದ. ಜನರನ್ನು ಗಡಿಯಲ್ಲಿ ಇಳಿಸಿ ಖಾಲಿ ಬಸ್ಸು ತರುವಾಗ, ಗೂಡಿನ ಹಿಂದೆ, ಇಟ್ಟಿಗೆಗೆ ಜೇಡಿ ತೆಗೆಯುತ್ತಿದ್ದ ಮೂರನೆಯ ಹೊಂಡಕ್ಕೆ, ಒಂಟಿ ಪಾಪ್ಲರ್ ಮರದ ಕೆಳಗೆ, ಇಬ್ಬರು ಮಣ್ಣು ತಳ್ಳುತ್ತಿದ್ದರು. ಗಾವ್ರಾ ಅದನ್ನೂ ನೋಡಿದ.

*

ಸ್ಮಿಲ್ಯಾ ಸ್ಮಶಾನಕ್ಕೆ ಬಂದಾಗ ನೆದೆಲ್ಕೊ ಆಗಲೇ ಅಂಗಿಯ ತೋಳು ಮಡಚಿ ಗುಂಡಿಯಲ್ಲಿ ನಿಂತಿದ್ದ. ಅವನನ್ನು ಯಾರೂ ಕರೆಯಲು ಹೋಗಿರಲಿಲ್ಲ. ಎದುರುಮನೆಯ ಆಂತೊನೂ ಇದ್ದ. ಯುದ್ಧ ಮುಗಿದ ಮೇಲೆ ಬಾಸ್ನಿಯಾದಿಂದ ಬಂದು ನೆಲೆಸಿದ ಕ್ರೊಯೇಟ್ ಅವನು. ಊರಿನ ಹಳೆಯ ಲೆಕ್ಕಾಚಾರ ಅವನಿಗೆ ಒಂದೂ ಗೊತ್ತಿರಲಿಲ್ಲ, ಅದಕ್ಕೇ ಎಲ್ಲರೊಂದಿಗೂ ಮಾತಾಡಿಕೊಂಡಿದ್ದ.

ಮಂಜು ಇನ್ನೂ ಸರಿದಿರಲಿಲ್ಲ. ಸಕಲ ಸಂತರ ಹಬ್ಬ ಮುಗಿದು ವಾರವಾಗಿತ್ತು. ದಾರಿಯ ಆಚೆ ಕ್ರೊಯೇಟ್ ಕ್ಯಾಥೊಲಿಕರ ಗೋರಿಗಳ ಮೇಲೆ ಸೇವಂತಿಗೆ ಕೊಳೆಯುತ್ತಿತ್ತು.

"ಬಾ ಮಗಳೇ, ಬಾ," ಅಂದ ನೆದೆಲ್ಕೊ. "ಕೂತ್ಕೋ. ನಿಮ್ಮಮ್ಮ ಹೇಗಿದಾಳೆ? ಮಣ್ಣಿಗೆ ಬಂದೋರಿಗೆ ಹಂಚೋ ಗೋಧಿ ಬೇಯಿಸಿದ್ದಾಯ್ತಾ?"

"ಆಯ್ತು."

"ಬಲಗಡೆಯೋರು ಬರಲ್ವಂತಾ?"

"ಬರಲ್ವಂತೆ."

"ಬರ್ದಿದ್ರೆ ಬಿಡು. ನಾವಿಬ್ರೇ ಸಾಕು. ಏನ್ ಆಂತೊ?"

"ನಂಗೆ ಸೊಂಟನೋವು ಅಣ್ಣಾ," ಅಂದ ಆಂತೊ. "ಆದ್ರೂ ಸೈ. ನಮ್ಮೂರಲ್ಲಿ ಬರೀ ಬಂಡೆ. ಇದು ಬೆಣ್ಣೆ ಕತ್ತರಿಸ್ದಂಗಿದೆ. ಸಾಯೋದಾದ್ರೆ ಇಲ್ಲೇ ಸಾಯ್ಬೇಕು."

ನೆದೆಲ್ಕೊ ನಕ್ಕು ಸಲಿಕೆಯ ಮೇಲೆ ಒರಗಿದ. ಎಡಭುಜ ಕೆಳಗೆ, ಬಲಭುಜ ಮೇಲೆ. ಸ್ಮಿಲ್ಯಾ ಹುಟ್ಟಿದಾಗಿನಿಂದ ನೋಡಿದ ಭುಜ. ಈ ಹನ್ನೊಂದು ದಿನಗಳಲ್ಲಿ ಮಾತ್ರ ಅದು ಕಂಡಾಗಲೆಲ್ಲ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು.

"ನಿಮ್ಮಪ್ಪ ಇದ್ನಲ್ಲ, ಗಂಡಸು ಅಂದ್ರೆ ಗಂಡಸು," ಅಂದ ಅವನು. "ಬಾಯೀನ ಎಲ್ಲಿಡ್ಬೇಕು ಅಂತ ಗೊತ್ತಿದ್ದೋನು. ಕೊನೆ ಕೊನೇಲಿ... ಏನಾದ್ರೂ ಬಡಬಡಿಸ್ತಿದ್ನಾ? ಕೆಲವ್ರು ಬಡಬಡಿಸ್ತಾರೆ, ಜ್ವರಕ್ಕೆ."

"ಬಸ್ಸಿನ ವಿಷ್ಯ ಮಾತಾಡ್ತಿದ್ರು," ಅಂದಳು ಸ್ಮಿಲ್ಯಾ.

"ಹೌದಾ? ಏನಂತ?"

"ಬ್ರೇಕು ಸರಿಯಿಲ್ಲ ಅಂತ."

ನೆದೆಲ್ಕೊ ಅವಳ ಮುಖವನ್ನೇ ನೋಡಿದ. ಆಮೇಲೆ ಅಂಗೈಗೆ ಉಗುಳಿಕೊಂಡು ಮತ್ತೆ ತೋಡತೊಡಗಿದ.

ಮೊದಲು ಅಪ್ಪನನ್ನು ಮಣ್ಣು ಮಾಡೋಣ, ಉಳಿದದ್ದು ಆಮೇಲೆ, ಅಂದುಕೊಂಡಳು ಸ್ಮಿಲ್ಯಾ. ಅಂದುಕೊಂಡ ತಕ್ಷಣ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆ 'ಆಮೇಲೆ' ಅಪ್ಪನದು. ಏಳು ವರ್ಷ ಅವನು ಒಳಗೊಳಗೇ ಹೇಳಿಕೊಂಡು ಬಂದದ್ದು ಅದನ್ನೇ.

*

ತೊಂಬತ್ತಾರರಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿಯವರು ಬಂದರು. ಬಿಳಿ ಜೀಪು, ಬಿಳಿ ಟ್ಯಾಂಕು. ಜೋರ್ಡಾನಿನವರು, ಬೆಲ್ಜಿಯಮ್ಮಿನವರು, ಉಕ್ರೇನಿನವರು. ಇನ್ನೆರಡು ವರ್ಷದಲ್ಲಿ ಈ ನೆಲ ಮತ್ತೆ ಕ್ರೊಯೇಷಿಯಾಕ್ಕೆ ಸೇರುತ್ತದೆ, ಒಂದು ಗುಂಡೂ ಹಾರಬಾರದು, ಓಡಿಹೋದವರು ಬರಬೇಕು, ಇರುವವರು ಇರಬೇಕು ಎಂದರು. ಹೇಳುವುದು ಸುಲಭ. ಯಾರದೋ ಮನೆಯಲ್ಲಿ ಯಾರೋ ಒಲೆ ಹಚ್ಚಿದ್ದರು.

ಆ ವರ್ಷದ ಸಕಲ ಸಂತರ ಹಬ್ಬಕ್ಕೆ, ಓಡಿಹೋದವರು ಒಂದು ದಿನದ ಮಟ್ಟಿಗೆ ಬಂದು ತಮ್ಮ ಹಿರಿಯರ ಗೋರಿಗೆ ದೀಪ ಹಚ್ಚಿ ಹೋಗಬಹುದು ಎಂದಾಯಿತು. ಬಸ್ಸು ಬೇಕಿತ್ತು. ಬಸ್ಸು ಓಡಿಸಲು ಸರ್ಬರಲ್ಲಿ ಯಾರೂ ಒಪ್ಪಲಿಲ್ಲ. ಗಾವ್ರಾ ಒಪ್ಪಿದ. ಮುಂದೊಂದು ಬಿಳಿ ಜೀಪು, ಹಿಂದೊಂದು ಬಿಳಿ ಜೀಪು, ನಡುವೆ ಅದೇ ಹಳೆಯ ಬಸ್ಸು, ಅದೇ ಜನ. ಈ ಸಲ ತಲೆ ಎತ್ತಿ ಕೂತಿದ್ದರು. ಮಾರ್ಗಾ ಮೊದಲ ಸೀಟಿನಲ್ಲಿ ಕೂತು ಇಡೀ ದಾರಿ ಗಾವ್ರಾನ ಕುತ್ತಿಗೆಯನ್ನೇ ನೋಡುತ್ತಿದ್ದಳು.

ಇಟ್ಟಿಗೆ ಗೂಡು ಬಂತು. "ನಿಲ್ಸು ಗಾವ್ರಾ," ಅಂದಳು.

"ನಿಲ್ಲಿಸೋ ಹಾಗಿಲ್ಲ ಮಾರ್ಗಾ. ಜೀಪು ನಿಲ್ಲಲ್ಲ."

"ಇಮ್ರೊನ ಇಳಿಸೋವಾಗ ನಿಲ್ಸಿದ್ಯಲ್ಲ. ಈಗ ನನ್ನ ಇಳಿಸೋಕೆ ನಿಲ್ಸು."

ನಿಲ್ಲಿಸಲಿಲ್ಲ. ಅವಳು ಬಾಗಿಲಿನ ಗಾಜಿಗೆ ಕೈಯಿಂದ ಬಡಿದಳು, ಬಡಿಯುತ್ತಲೇ ಇದ್ದಳು. ಊರ ಬಾಯಲ್ಲಿ ಸರ್ಬರ ಹುಡುಗರು ಬಸ್ಸಿಗೆ ಕಲ್ಲು ಹೊಡೆದರು. ಮುಂದಿನ ಗಾಜು ಒಡೆದು ಗಾವ್ರಾನ ಹಣೆ ಸೀಳಿತು. ರಕ್ತ ಒರೆಸಿಕೊಳ್ಳುತ್ತ ಬಸ್ಸನ್ನು ಸ್ಮಶಾನದ ಗೇಟಿನವರೆಗೆ ತಂದು ನಿಲ್ಲಿಸಿದ. ಅಂದಿನಿಂದ ಅವನ ಜನರೇ ಅವನನ್ನು ನೀಲಿ ಗಾವ್ರಾ ಎಂದು ಕರೆದರು. ಸ್ಮಿಲ್ಯಾ ಅವನ ಹಣೆಗೆ ಪಟ್ಟಿ ಕಟ್ಟುತ್ತಾ, ನನ್ನಪ್ಪನಂಥವನು ಈ ದೇಶದಲ್ಲೇ ಇಲ್ಲ ಅಂದುಕೊಂಡಳು.

ಮರುವರ್ಷ ಸರ್ಬರು ಲಾರಿಗಳಿಗೆ ಸಾಮಾನು ಏರಿಸಿ ನದಿ ದಾಟಿ ಸರ್ಬಿಯಾಕ್ಕೆ ಹೋಗತೊಡಗಿದರು. ಗಾವ್ರಾ ಮನೆಮನೆಗೆ ಹೋದ. "ಹೋಗ್ಬೇಡ್ರಪ್ಪಾ. ಹೊಸ ಗುರುತಿನ ಚೀಟಿ ತಗೊಳ್ಳಿ, ಇರಿ. ಯಾರಿಗೂ ಏನೂ ಆಗಲ್ಲ. ನಾನು ಹೇಳ್ತಿದೀನಿ," ಅಂದ. ಕೆಲವರು ಉಗಿದರು, ಕೆಲವರು ಉಳಿದರು. ನೆದೆಲ್ಕೊ ಉಳಿದ. ಸ್ಮಿಲ್ಯಾಳ ಗಂಡ ಓಗ್ನೆನ್ ಮಾತ್ರ, "ನಿಮ್ಮಪ್ಪನ ತಲೆ ಕೆಟ್ಟಿದೆ, ಹತ್ತು ಲಾರೀನ," ಅಂದ. ಸ್ಮಿಲ್ಯಾ ಅಪ್ಪನ ಮಾತು ನಂಬಿ ಹತ್ತಲಿಲ್ಲ. ಎರಡು ತಿಂಗಳಲ್ಲಿ ಬರ್ತೀನಿ ಅಂದ ಓಗ್ನೆನ್‌ಗೆ ನದಿಯಾಚೆಯ ನೋವಿ ಸಾದ್‌ನಲ್ಲಿ ಈಗ ಬೇರೆ ಹೆಂಡತಿ, ಇಬ್ಬರು ಮಕ್ಕಳು.

ಕಾಣೆಯಾದವರ ಪಟ್ಟಿ ಹಿಡಿದುಕೊಂಡು ಒಬ್ಬ ವಿದೇಶಿ ಹೆಂಗಸು ಬಂದಳು. ಅಡುಗೆಮನೆಯ ಮೇಜಿನ ಮುಂದೆ ಕೂತು, ದುಭಾಷಿಯ ಮೂಲಕ ಕೇಳಿದಳು: ಇಟ್ಟಿಗೆ ಗೂಡಿನ ಹತ್ತಿರ ನೀವು ಏನು ನೋಡಿದಿರಿ?

"ರಸ್ತೆ," ಅಂದ ಗಾವ್ರಾ. "ಡ್ರೈವರ್ ಆದೋನು ರಸ್ತೆ ನೋಡ್ತಾನೆ."

ಕಾಫಿ ತಂದುಕೊಟ್ಟದ್ದು ಸ್ಮಿಲ್ಯಾಳೇ. ಆ ಉತ್ತರ ಅವಳಿಗೆ ಆಗ ಬಹಳ ಚೆನ್ನಾಗಿದೆ ಅನಿಸಿತ್ತು.

ತೊಂಬತ್ತೆಂಟರ ಜನವರಿಯಲ್ಲಿ ನೀಲಿ ಟೋಪಿಯವರು ಬಾವುಟ ಇಳಿಸಿ ಹೊರಟರು. ಒಂದು ಗುಂಡೂ ಹಾರಿರಲಿಲ್ಲ. ಗಾವ್ರಾನ ಕೈ ಕುಲುಕಿ, ಚೌಕಟ್ಟು ಹಾಕಿದ ಒಂದು ಪತ್ರ ಕೊಟ್ಟರು. ಹಿಂದಿನ ಸಾಲಿನಲ್ಲಿ ನಿಂತು ನೆದೆಲ್ಕೊ ಚಪ್ಪಾಳೆ ತಟ್ಟಿದ.

"ಆಗ್ಲಾದ್ರೂ ಯಾಕೆ ಹೇಳ್ಲಿಲ್ಲ?" ಅಂತ ಹನ್ನೊಂದು ದಿನದ ಹಿಂದೆ ಸ್ಮಿಲ್ಯಾ ಕೇಳಿದ್ದಳು.

"ಹೇಳಿದ್ರೆ ನೆದೆಲ್ಕೊನ ಹಿಡ್ಕೊಂಡು ಹೋಗ್ತಿದ್ರು. ಮಾರನೇ ದಿನ ಇಡೀ ಬೀದಿ ನದಿ ದಾಟ್ತಿತ್ತು. ಐನೂರು ಜನ ಮನೆ ಬಿಡ್ತಿದ್ರು ಕಣೇ. ಆಮೇಲೆ ಹೇಳೋಣ ಅಂದ್ಕೊಂಡೆ."

"ಅವ್ರು ಹೋದ್ಮೇಲೆ? ಐದು ವರ್ಷ ಆಯ್ತಲ್ಲ ಅಪ್ಪ, ಆಮೇಲೆ?"

"ಆಮೇಲೆ," ಅಂದಿದ್ದ ಗಾವ್ರಾ, "ಯಾವ ಮುಖ ಇಟ್ಕೊಂಡು ಹೇಳ್ಲಿ?"

*

ಹತ್ತು ಗಂಟೆಯ ಹೊತ್ತಿಗೆ ಮಂಜಿನೊಳಗಿಂದ ಬ್ಲಾಜ್ ಬಂದ. ಹೆಗಲ ಮೇಲೆ ಸಲಿಕೆ ಇತ್ತು. ಯಾರಿಗೂ ನಮಸ್ಕಾರ ಹೇಳದೆ ಗುಂಡಿಯ ಅಂಚಿನಲ್ಲಿ ಕೋಟು ಬಿಚ್ಚಿಟ್ಟ. ಬಸ್ಸಿನಲ್ಲಿ ತಾಯಿಯ ತೊಡೆಯ ಮೇಲೆ ಮುಖ ಅಮುಕಿಕೊಂಡು ಕೂತಿದ್ದ ಹನ್ನೆರಡರ ಹುಡುಗ ಈಗ ಗುಂಡಿಯಲ್ಲಿದ್ದ ಇಬ್ಬರಿಗಿಂತಲೂ ಎತ್ತರವಿದ್ದ.

"ಅಮ್ಮ ಕಳ್ಸಿದ್ಲು," ಅಂದ ಸ್ಮಿಲ್ಯಾಳಿಗೆ. "ಬೈತಾ ಬೈತಾ ಕಳ್ಸಿದ್ಲು. ಪಕ್ಕದ್ಮನೆ ಹೆಣ ಕಾಯ್ತಾ ಇದ್ರೆ ಅವಳಿಗೆ ತಿಂಡಿ ಗಂಟ್ಲಲ್ಲಿ ಇಳೀತಿಲ್ವಂತೆ. ನಿನ್ನ ಮೇಲೆ ಪ್ರೀತಿಗಲ್ಲ, ತಿಳ್ಕೋ."

"ತಿಳೀತು."

"ಬಾರೋ ಬ್ಲಾಜ್!" ಅಂದ ನೆದೆಲ್ಕೊ. "ಜಾಗ ಮಾಡಿದೀನಿ, ಇಳಿ."

ಬ್ಲಾಜ್ ಇಳಿದ. ಗುಂಡಿ ಅಗಲ ಕಡಿಮೆ. ಒಬ್ಬ ಬಗ್ಗಿದರೆ ಇನ್ನೊಬ್ಬನ ಮೈಗೆ ಮೈ ತಾಗುತ್ತಿತ್ತು. ನೆದೆಲ್ಕೊ ಅಗೆದದ್ದನ್ನು ಬ್ಲಾಜ್ ಎತ್ತಿ ಹಾಕುತ್ತಿದ್ದ, ಬ್ಲಾಜ್ ಅಗೆದದ್ದನ್ನು ನೆದೆಲ್ಕೊ. ಹಳದಿ ಮಣ್ಣು ಒಂದೇ ಕಡೆ ರಾಶಿಯಾಗುತ್ತಿತ್ತು. ಸ್ಮಿಲ್ಯಾ ಅದನ್ನು ನೋಡುತ್ತಾ ಕೂತಿದ್ದಳು. ಮಾರ್ಗಾ ಮಗನನ್ನು ಕಳಿಸದೆ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ಬೈದು ಬಾಗಿಲು ಹಾಕಿಕೊಂಡಿದ್ದರೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತು.

ಗುಂಡಿ ಸೊಂಟದಾಳಕ್ಕೆ ಬಂದಾಗ ತೋಡುವವರಿಗೆ ಕೊಡಬೇಕಾದ್ದನ್ನು ಕೊಡುವ ಹೊತ್ತಾಯಿತು. ಸ್ಮಿಲ್ಯಾ ಬ್ರೆಡ್ಡು, ಹಂದಿ ಕೊಬ್ಬು, ಪ್ಲಮ್ ಸಾರಾಯಿಯ ಬಾಟಲಿ ಬಿಚ್ಚಿಟ್ಟಳು. ಆಂತೊ ಮೇಲೆ ಹತ್ತಿ ಸೊಂಟ ಹಿಡಿದುಕೊಂಡು ಕೂತ. ನೆದೆಲ್ಕೊ ಗುಂಡಿಯೊಳಗಿಂದಲೇ ಬಾಟಲಿ ತೆಗೆದುಕೊಂಡು ಲೋಟಕ್ಕೆ ಸುರಿದು ಮೊದಲು ಬ್ಲಾಜ್‌ಗೆ ಕೊಟ್ಟ. ಇನ್ನೊಂದು ಕೈಯನ್ನು ಅವನ ಬೆನ್ನ ಮೇಲಿಟ್ಟ.

"ಕುಡಿಯೋ. ನಿಮ್ಮಪ್ಪನೂ ಹೀಗೇ ಕೆಲ್ಸ ಮಾಡ್ತಿದ್ದ. ಇಮ್ರೊ ಅಂದ್ರೆ ಎತ್ತು. ಅವನಿಗೂ ಒಂದು ನೆಮ್ಮದಿ ಸಿಗ್ಲಿ, ಎಲ್ಲಿದ್ರೂ."

ಬ್ಲಾಜ್ ತಲೆಯಾಡಿಸಿ ಲೋಟ ಎತ್ತಿದ.

"ಲೋಟ ಕೆಳಗಿಡೋ," ಅಂದಳು ಸ್ಮಿಲ್ಯಾ.

ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಮೂವರೂ ತಿರುಗಿ ನೋಡಿದರು.

"ಇಡು ಅಂದೆ. ಅವನ ಕೈಯಿಂದ ಕುಡೀಬೇಡ. ಎಲ್ಲಿದ್ರೂ ಅಂತೆ, ಎಲ್ಲಿದ್ರೂ! ಎಲ್ಲಿದಾನೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಇಟ್ಟಿಗೆ ಗೂಡಿನ ಹಿಂದೆ, ಮೂರನೇ ಹೊಂಡ, ಒಂಟಿ ಪಾಪ್ಲರ್ ಕೆಳಗೆ. ಮೂರು ಜನಾನೂ ಅಲ್ಲೇ ಇದಾರೆ. ಇವನೇ ಬಸ್ ಹತ್ತಿದ್ದು. ಇವನೇ ನಿಮ್ಮಪ್ಪನ ಬೆನ್ನು ತಟ್ಟಿದ್ದು, ಈಗ ನಿನ್ನ ಬೆನ್ನು ತಟ್ಟಿದ್ನಲ್ಲ, ಹಾಗೇ!"

ಬ್ಲಾಜ್ ಬಾಯ ಬಳಿಗೆ ಒಯ್ದ ಲೋಟ ಇಳಿಸಿದ.

"ಯಾರು ಹೇಳಿದ್ದು?" ಅಂದ ಬ್ಲಾಜ್. ಬಹಳ ಮೆಲ್ಲಗೆ ಕೇಳಿದ.

"ಅಪ್ಪ. ಹನ್ನೊಂದು ದಿನ ಆಯ್ತು. ಬೆಳಿಗ್ಗೆ ನಿಮ್ಮಮ್ಮ ಕೇಳಿದ್ರು. ಗೊತ್ತಿಲ್ಲ ಅಂದೆ. ನನ್ನನ್ನೂ ಉಗೀರಿ. ಹನ್ನೆರಡು ವರ್ಷ ಅಪ್ಪ, ಹನ್ನೊಂದು ದಿನ ನಾನು."

"ದುಃಖಕ್ಕೆ ತಲೆ ಕೆಟ್ಟಿದೆ ಪಾಪ," ಅಂದ ನೆದೆಲ್ಕೊ. ನಗಲು ನೋಡಿದ. "ಮುದುಕ ಜ್ವರದಲ್ಲಿ ಏನೋ ಬಡಬಡಿಸಿದ್ದಾನೆ. ಬ್ಲಾಜ್, ನೀನೇ ಹೇಳು, ನಾನು..."

ಬ್ಲಾಜ್ ಲೋಟವನ್ನು ಮಣ್ಣಿನ ಮೇಲೆ ಇಟ್ಟ. ನಿಧಾನಕ್ಕೆ, ಚೆಲ್ಲದ ಹಾಗೆ. ಆಮೇಲೆ ಸಲಿಕೆ ಎತ್ತಿಕೊಂಡ. ಆಂತೊ ಗುಂಡಿಗೆ ಹಾರಿ ಹಿಂದಿನಿಂದ ಅವನ ಎರಡೂ ತೋಳು ಹಿಡಿದ. "ಬೇಡ ತಮ್ಮಾ, ಬೇಡ, ಬೇಡ," ಅನ್ನುತ್ತಲೇ ಇದ್ದ. ಆ ಇಕ್ಕಟ್ಟಿನಲ್ಲಿ ನೆದೆಲ್ಕೊ ಗೋಡೆಗೆ ಬೆನ್ನು ಒತ್ತಿ ನಿಂತಿದ್ದ. ಅವನಿಗೆ ಹತ್ತಲು ಜಾಗವಿರಲಿಲ್ಲ. ಮೇಲಕ್ಕೆ ಕೈ ಚಾಚಿದ. ಸ್ಮಿಲ್ಯಾ ಆ ಕೈಯನ್ನು ನೋಡಿದಳೇ ಹೊರತು ಹಿಡಿಯಲಿಲ್ಲ.

"ಬಿಡಣ್ಣ," ಅಂದ ಬ್ಲಾಜ್ ಕೊನೆಗೆ. ಮುಖ ಸುಣ್ಣದ ಹಾಗಾಗಿತ್ತು. "ಇದನ್ನ ಇವನ ತಲೆ ಮೇಲೆ ಮುರಿದ್ರೆ ಅಲ್ಲಿ ಯಾವುದ್ರಲ್ಲಿ ತೋಡ್ಲಿ? ಪೊಲೀಸಿಗೆ ಫೋನ್ ಮಾಡು. ಇವನ ಹೆಸರು ಹೇಳು. ಇವಳ ಹೆಸರೂ ಹೇಳು, ಸಾಕ್ಷಿ ಅಂತ."

"ಹೇಳಿ," ಅಂದಳು ಸ್ಮಿಲ್ಯಾ. "ನಾನು ಎಲ್ಲಿಗೂ ಹೋಗಲ್ಲ."

ಬ್ಲಾಜ್ ಒಂದೇ ನೆಗೆತಕ್ಕೆ ಮೇಲೆ ಬಂದು, ಕೋಟನ್ನು ಅಲ್ಲೇ ಬಿಟ್ಟು, ಸಲಿಕೆ ಹಿಡಿದು, ಮೆಕ್ಕೆಜೋಳ ಕೊಯ್ದ ಹೊಲಕ್ಕೆ ಅಡ್ಡ ಹಾಯ್ದು ಗೂಡಿನ ಕಡೆಗೆ ನಡೆದ. ಆಂತೊ ತಾನೂ ಮೇಲೆ ಹತ್ತಿ, ಒಮ್ಮೆ ಗುಂಡಿಯನ್ನೂ ಒಮ್ಮೆ ಸ್ಮಿಲ್ಯಾಳನ್ನೂ ನೋಡಿ, "ತಪ್ಪು ತಿಳ್ಕೋಬೇಡ ತಾಯೀ," ಅಂತ ತನ್ನ ಸಲಿಕೆ ತೆಗೆದುಕೊಂಡು ಕಿವಿಗೆ ಫೋನ್ ಹಿಡಿದು ಅವನ ಹಿಂದೆ ಓಡಿದ. ನೆದೆಲ್ಕೊ ಮೊಣಕೈ ಊರಿ ಕಷ್ಟಪಟ್ಟು ಮೇಲೆ ಹತ್ತಿದ. ಅಂಗಿಯೆಲ್ಲ ಹಳದಿ ಮಣ್ಣಾಗಿತ್ತು.

"ಇದೇ ಬೀದೀಲಿ ಬದುಕ್ಬೇಕು ನೀನು," ಅಂದ ಅವಳಿಗೆ.

"ನೀನು ಬದುಕ್ಲಿಲ್ವಾ?" ಅಂದಳು ಸ್ಮಿಲ್ಯಾ.

*

ಒಂದು ಗಂಟೆಗೆಲ್ಲ ಸುದ್ದಿ ಊರು ತುಂಬಿತ್ತು. ಮಂಜು ಸರಿದು ಹೊಲದ ಆಚೆ ಗೂಡಿನ ಮುರಿದ ಚಿಮಣಿ ಕಾಣುತ್ತಿತ್ತು. ಆ ಕಡೆಗೆ ಒಬ್ಬೊಬ್ಬರೇ ಹೋಗುತ್ತಿದ್ದರು, ಕೈಯಲ್ಲಿ ಸಲಿಕೆ, ಪಿಕಾಸಿ, ಏನೂ ಸಿಗದವರು ಬರಿಗೈಯಲ್ಲಿ. ಪೊಲೀಸರು ಬಂದು ಹಗ್ಗ ಕಟ್ಟುತ್ತಾರೆ, ತಜ್ಞರು ಬರುವವರೆಗೆ ಮುಟ್ಟಬೇಡಿ ಅನ್ನುತ್ತಾರೆ ಅನ್ನುವುದು ಸ್ಮಿಲ್ಯಾಳಿಗೆ ಗೊತ್ತಿತ್ತು. ಹೋಗುತ್ತಿದ್ದವರಿಗೂ ಗೊತ್ತಿತ್ತು. ಆದರೂ ಹೋಗುತ್ತಿದ್ದರು. ಮಾರ್ಗಾ ಸ್ಮಶಾನದ ಬೇಲಿಯ ಪಕ್ಕದಲ್ಲೇ ಹಾದುಹೋದಳು. ಹಿಟ್ಟು ಮೆತ್ತಿದ ಅಡುಗೆಯ ಬಟ್ಟೆಯಲ್ಲೇ ಇದ್ದಳು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಸ್ಮಿಲ್ಯಾ ಎದ್ದು ನಿಂತಳು. ಮಾರ್ಗಾ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ಗಂಟೆಗೆ ಗಾವ್ರಾ ಬಂದ. ದೂರದ ನೆಂಟರು ನಾಲ್ವರು ಹೊತ್ತಿದ್ದರು. ಮುಂದೆ ಪಾದ್ರಿ, ಹಿಂದೆ ಕಪ್ಪು ಕೋಟಿನಲ್ಲಿ ಸ್ಮಿಲ್ಯಾಳ ತಾಯಿ ಪೆರ್ಸಾ, ಅವಳ ಹಿಂದೆ ಐದಾರು ಹೆಂಗಸರು. ಬರಬೇಕಾಗಿದ್ದ ಬೀದಿ ಬಂದಿರಲಿಲ್ಲ. ಸೊಂಟದಾಳದ ಗುಂಡಿಯ ಮುಂದೆ ಎಲ್ಲರೂ ನಿಂತರು. ಪೆಟ್ಟಿಗೆಯನ್ನು ಹಲಗೆಗಳ ಮೇಲೆ ಇಳಿಸಿದರು.

"ಇದೇನು, ಅರ್ಧ ತೋಡಿದಾರೆ?" ಅಂದರು ಪಾದ್ರಿ.

"ನಿಜವೇನೇ?" ಅಂದಳು ಪೆರ್ಸಾ ಮಗಳಿಗೆ. ದಾರಿಯಲ್ಲೇ ಯಾರೋ ಅವಳ ಕಿವಿಗೆ ಹಾಕಿದ್ದರು. "ನಿನ್ನ ಹತ್ರ ಹೇಳಿದ್ನಾ?"

"ಹೇಳಿದ್ರು ಅಮ್ಮ. ನಿನಗೂ..."

"ನಂಗ್ಯಾಕೆ ಹೇಳ್ತಾನೆ?" ಪೆರ್ಸಾ ಪೆಟ್ಟಿಗೆಯ ಕಡೆ ಕೈ ಮಾಡಿದಳು. "ಮಾರ್ಗಾ ಊರಿಗೆ ವಾಪಸು ಬಂದಾಗಿಂದ ಬೇಲಿ ಮೇಲೆ ಕೈಯಿಟ್ಕೊಂಡು ಮಾತಾಡಿದೀನಿ ಅವಳ ಜೊತೆ. ದಿನಾ. ಉಪ್ಪಿನಕಾಯಿ ಕೊಟ್ಟಿದೀನಿ. ಸಮಾಧಾನ ಮಾಡ್ಕೋ ಮಾರ್ಗಾ, ಯಾರಿಗೂ ಗೊತ್ತಿಲ್ದೇ ಇರೋದನ್ನ ಯಾರು ಹೇಳ್ತಾರೆ ಅಂತ ನನ್ನ ಈ ಬಾಯಲ್ಲಿ ಹೇಳಿದೀನಿ. ಇವನು ಒಳಗೆ ಕೂತು ಕೇಳಿಸ್ಕೊಂಡು ಸುದ್ದಿ ಪತ್ರಿಕೆ ಓದ್ತಿದ್ದ."

ಪಾದ್ರಿ ಕೆಮ್ಮಿದರು. "ಪೆರ್ಸಾ, ಬೇಗ ಕತ್ಲಾಗುತ್ತೆ. ತೆರೆದ ಗುಂಡಿ ಹಾಗೇ ಬಿಡೋ ಹಾಗಿಲ್ಲ. ಇಲ್ಲಿರೋರೇ ಯಾರಾದ್ರೂ ಇಳಿದು..."

ಹೊತ್ತು ತಂದ ನೆಂಟರಲ್ಲೊಬ್ಬ, ಮುಜುಗರದಿಂದಲೇ, ನೆದೆಲ್ಕೊ ಬಿಟ್ಟುಹೋಗಿದ್ದ ಸಲಿಕೆಯ ಕಡೆಗೆ ಬಗ್ಗಿದ.

"ಮುಟ್ಬೇಡ ಅದನ್ನ!" ಅಂದಳು ಪೆರ್ಸಾ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಗೂಡಿನ ಕಡೆಯಿಂದ ಕಬ್ಬಿಣ ನೆಲಕ್ಕೆ ಬೀಳುವ ಸದ್ದು ಗಾಳಿಯಲ್ಲಿ ಸಣ್ಣಗೆ ಬಂತು. ಒಂದಲ್ಲ, ಹಲವು.

"ಮೊದ್ಲು ಆ ಗುಂಡಿ," ಅಂದಳು. "ಆಮೇಲೆ ಈ ಗುಂಡಿ. ಕಾಯ್ಲಿ. ಅವಳನ್ನ ಹನ್ನೆರಡು ವರ್ಷ ಕಾಯ್ಸಿದಾನೆ, ಒಂದಿಷ್ಟು ಹೊತ್ತು ಇವನೂ ಕಾಯ್ಲಿ."

ಪಾದ್ರಿ ಪುಸ್ತಕ ಮುಚ್ಚಿದರು. ಪೆರ್ಸಾ ಹಳದಿ ಮಣ್ಣಿನ ರಾಶಿಯ ಮೇಲೆ ಪೆಟ್ಟಿಗೆಗೆ ಬೆನ್ನು ಹಾಕಿ ಕೂತಳು. ಮೊಣಕಾಲು ಜೋಡಿಸಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಯಾವಾಗ ಬಂದರೆ ಆಗ ಬರಲಿ ಅಂತ ನಿಲ್ದಾಣದಲ್ಲಿ ಕೂರುವವರ ಹಾಗೆ, ಹೊಲದ ಆಚೆಯ ಚಿಮಣಿಯನ್ನು ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದು ಮಗಳಿಗೂ ಜಾಗ ಮಾಡಿಕೊಟ್ಟಳು.